ಅಟ್ಟದ ಮೇಲಿನ ಮೈಸೂರು

ನನಗೊಂದು ಚಾಳಿಯಿದೆ. ಕೈಗೆ ಏನೇ ಸಿಗಲಿ, ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಕೊರಿಯರಿನವನು ತಂದ ಪೊಟ್ಟಣ, ಮಾತ್ರೆಯ ಡಬ್ಬಿ, ಮದುವೆಮನೆಯಲ್ಲಿ ಕೈಗಿಟ್ಟ ಉಡುಗೊರೆ, ಯಾವುದಕ್ಕೂ ವಿನಾಯಿತಿ ಇಲ್ಲ. ಮೊನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರ ಟಿಫಿನ್ ಡಬ್ಬಿಯನ್ನು ಎತ್ತಿ ಅಲ್ಲಾಡಿಸಿಬಿಟ್ಟೆ. ಅವರ ತಿಳಿಸಾರು ನನ್ನ ಸೀರೆಯ ಮೇಲೆ ಇಳಿಯಿತು. "ಏನ್ರೀ ಇದು, ಚಿಕ್ಕ ಮಕ್ಕಳ ಹಾಗೆ!" ಎಂದರು. ಮಕ್ಕಳ ಹಾಗಲ್ಲ, ತಿಪಟೂರು ಕಡೆಯವರ ಹಾಗೆ ಎಂದು ಹೇಳೋಣವೆನ್ನಿಸಿತು. ಆದರೆ ಬೇರೆಯವರ ಸಾರು ಚೆಲ್ಲಿದವರು ವಿವರಣೆ ಕೊಡಲು ಹೋಗಬಾರದು, ಸುಮ್ಮನಾದೆ.

ನಿಮಗಾದರೆ ಹೇಳಬಹುದು, ನಿಮ್ಮ ಸಾರನ್ನು ನಾನಿನ್ನೂ ಚೆಲ್ಲಿಲ್ಲ. ನಮ್ಮ ಕಡೆ ತೆಂಗಿನಕಾಯಿ ಎಂದರೆ ಒಡೆದು ಚಟ್ನಿ ಅರೆಯುವ ವಸ್ತು ಮಾತ್ರವಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಒಂದು ವರ್ಷ ಮರೆತುಬಿಡುತ್ತೇವೆ. ಅಟ್ಟದ ತಳಕ್ಕೆ ಹಲಗೆ ಹೊಡೆಯುವುದಿಲ್ಲ. ಬಿದಿರಿನ ಗಳುಗಳನ್ನು ಜೋಡಿಸಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಬೆರಳು ಸಂದು ಬಿಟ್ಟಿರುತ್ತಾರೆ. ಕೆಳಗಿನ ಅಡುಗೆಮನೆಯ ಬಿಸಿಯೂ ಹೊಗೆಯೂ ಆ ಸಂದಿನಿಂದ ಮೇಲೇರಿ ಕಾಯಿಗಳ ನಡುವೆ ಸುಳಿದಾಡುತ್ತವೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ಕೊನೆಗೊಂದು ದಿನ ಒಳಗಿನ ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಿ ಉರುಳಾಡತೊಡಗುತ್ತದೆ. ಅದು ಕಣ್ಣಿಗೆ ಕಾಣುವ ಸಂಗತಿಯಲ್ಲ, ಕಿವಿಯಲ್ಲೇ ಕೇಳಬೇಕು. ಹೊಸ ಕಾಯಿ ಗುಳುಗುಳು ಎನ್ನುತ್ತದೆ, ಆಗಿರುವ ಕಾಯಿ ಲೊಡಲೊಡ ಎನ್ನುತ್ತದೆ. ಇವೆರಡರ ನಡುವೆ ಕೆಲವು ತಿಂಗಳು ಅದು ಏನೂ ಅನ್ನುವುದಿಲ್ಲ. ನೀರು ಹೋಗಿರುತ್ತದೆ, ಕೊಬ್ಬರಿ ಬಿಟ್ಟಿರುವುದಿಲ್ಲ. ಅಪ್ಪ ಅದನ್ನು ಮೂಕಕಾಯಿ ಎನ್ನುತ್ತಿದ್ದ. ಆಗ ಅದನ್ನು ಒಡೆದರೆ ಒಳಗೆ ಕಾಯಿಯೂ ಅಲ್ಲದ ಕೊಬ್ಬರಿಯೂ ಅಲ್ಲದ ಒಂದು ಅಂಟಂಟು ಪದಾರ್ಥ ಸಿಗುತ್ತದೆ. ಬಾಲ್ಯದಲ್ಲಿ ಅದನ್ನು ಕದ್ದು ತಿಂದು ಹೊಟ್ಟೆ ಕೆಡಿಸಿಕೊಳ್ಳದವರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ.

ಅಟ್ಟಕ್ಕೆ ಸಂಬಂಧಿಸಿದಂತೆ ನಮಗಿದ್ದದ್ದು ಒಂದೇ ಕಾನೂನು: ಸಂದು ಮುಚ್ಚಬಾರದು. ಐದನೆಯ ವಯಸ್ಸಿನಲ್ಲಿ ನಾನು ಅಲ್ಲಿ ಗೋಣಿಚೀಲ ಹಾಸಿಕೊಂಡು ನಿದ್ದೆ ಹೋಗಿದ್ದೆನಂತೆ. ಅಪ್ಪ ನನ್ನನ್ನು ಎಬ್ಬಿಸಲಿಲ್ಲ. ಮೊದಲು ಗೋಣಿಚೀಲವನ್ನು ನನ್ನ ಕೆಳಗಿಂದ ಎಳೆದು ಸಂದುಗಳನ್ನು ಬಿಡಿಸಿದನಂತೆ, ಆಮೇಲೆ ನನ್ನನ್ನು ಎತ್ತಿಕೊಂಡನಂತೆ. ಅಮ್ಮ ಇದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಅದೇ ಅಟ್ಟದ ಮೇಲೆ, ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾದ ಮೇಲೆ, ನಾನು ಮೈಸೂರಿನಲ್ಲಿದ್ದೆ.

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿ, ತುರುವೇಕೆರೆ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ನಮ್ಮೂರಿಗೆ ಎರಡು ಟ್ರಂಕು ಮತ್ತು ಒಂದು ಕನ್ನಡಕದೊಂದಿಗೆ ಮರಳಿದ್ದೆ. ಉಪನ್ಯಾಸಕರ ನೇಮಕಾತಿ ಇಂದೋ ನಾಳೆಯೋ ಎನ್ನುತ್ತಿದ್ದರು. ಆ ಇಂದೂ ನಾಳೆಯೂ ಸೇರಿ ಒಂದು ವರ್ಷವಾಯಿತು. ನನಗೆ ಅದೊಂದು ವಿಚಿತ್ರ ಮಂಪರಿನ ಕಾಲ. ಬೆಳಿಗ್ಗೆ ಎದ್ದು ಎಲ್ಲಿಗೂ ಹೊರಡಬೇಕಾಗಿಲ್ಲ ಎಂಬುದು ಮೊದಮೊದಲು ಸುಖವೆನ್ನಿಸಿ, ಬರುಬರುತ್ತಾ ಎದೆಯ ಮೇಲೆ ಕೂತುಕೊಳ್ಳತೊಡಗಿತು. ತೋಟದ ಬದುವಿನ ಮೇಲೆ ಕೂತು ಗರಿಗಳ ನೆರಳು ನೆಲದ ಮೇಲೆ ಸರಿಯುವುದನ್ನು ನೋಡುತ್ತಿದ್ದರೆ ಮಧ್ಯಾಹ್ನವಾಗುತ್ತಿತ್ತು. ಇನ್ನೂ ಸ್ವಲ್ಪ ನೋಡಿದರೆ ಸಂಜೆಯೂ ಆಗುತ್ತಿತ್ತು. ದಿನಗಳನ್ನು ಅಷ್ಟು ಸಲೀಸಾಗಿ ಕಳೆಯಬಹುದೆಂದು ಇತಿಹಾಸ ಓದಿದ ನನಗೂ ಗೊತ್ತಿರಲಿಲ್ಲ.

ಅಪ್ಪನ ತೊಂದರೆ ಬೇರೆಯದು. ಅವನಿಗೆ ನನ್ನ ಮಂಪರಿಗಿಂತ ಜನ ಕೇಳುವ ಪ್ರಶ್ನೆಯೇ ದೊಡ್ಡದಾಗಿತ್ತು. ಚಿಕ್ಕನಾಯಕನಹಳ್ಳಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಯಾರೋ, "ಮಗ್ಳು ಏನ್ ಮಾಡ್ತಾವ್ಳೆ ಗಂಗಾಧ್ರಣ್ಣ?" ಎಂದು ಕೇಳಿದರು. ಅಪ್ಪ ಹೋಳಿಗೆ ಮುರಿಯುತ್ತಿದ್ದವನು ತಲೆಯೆತ್ತದೆ, "ಮೈಸೂರಲ್ಲಿ ಪಿಎಚ್‌ಡಿ ಮಾಡ್ತಾವ್ಳೆ," ಎಂದುಬಿಟ್ಟ. ಎಂಟು ಎಲೆ ಆಚೆ ಹೆಂಗಸರ ಪಂಕ್ತಿಯಲ್ಲಿ ಹಪ್ಪಳ ಮುರಿಯುತ್ತಿದ್ದ ನಾನು ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ. ಒಂದು ಸುಳ್ಳು ಹುಟ್ಟಿದ ಮೇಲೆ ಅದಕ್ಕೆ ಜೊತೆ ಬೇಕಲ್ಲ? ತುರುವೇಕೆರೆ ಸಂತೆಯಲ್ಲಿ ಸಿಕ್ಕ ದೂರದ ಮಾವನಿಗೆ ಬ್ಯಾಂಕ್ ಎಂದ. ಬಸ್ಸಿನಲ್ಲಿ ಪಕ್ಕ ಕೂತ ಹಳೆಯ ಸ್ನೇಹಿತನಿಗೆ ಲೆಕ್ಚರರ್ ಆರ್ಡರ್ ಕೈಗೆ ಬಂದಿದೆ, ಜಾಗ ತೋರಿಸಬೇಕಷ್ಟೇ ಎಂದ. ಯಾರಿಗೆ ಯಾವುದನ್ನು ಹೇಳಿದ್ದೇನೆ ಎಂಬುದು ಅಪ್ಪನಿಗೆ ನೆನಪಿರುತ್ತಿರಲಿಲ್ಲ. ನಾನೇ ನೆನಪಿಟ್ಟುಕೊಳ್ಳಬೇಕಾಯಿತು. ಇತಿಹಾಸ ಓದಿದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಒಮ್ಮೆ ಅಮ್ಮನೂ ನಾನೂ ಸಂಪಿಗೆಯ ಶ್ರೀನಿವಾಸನ ದರ್ಶನಕ್ಕೆ ಹೋಗಿದ್ದೆವು. ಯಾರೂ ಇರುವುದಿಲ್ಲವೆಂದು ವಾರದ ನಡುವಿನ ದಿನ ಆರಿಸಿಕೊಂಡಿದ್ದೆವು. ತೀರ್ಥಕ್ಕೆ ಕೈಯೊಡ್ಡಿ ನಿಂತರೆ ಎಡಕ್ಕೆ ಆ ಮದುವೆಯಲ್ಲಿ ಪಿಎಚ್‌ಡಿ ಸುದ್ದಿ ಕೇಳಿಸಿಕೊಂಡಿದ್ದ ಕೆಂಕೆರೆಯ ಅತ್ತೆ, ಬಲಕ್ಕೆ ಅದೇ ಸಂತೆಯ ಮಾವ! ಅತ್ತೆ, "ಥೀಸಿಸ್ಸು ಎಷ್ಟ್ ಪುಟ ಆಯ್ತೇ ಶೈಲಾ?" ಎಂದು ಕೇಳುವುದಕ್ಕೂ ಮಾವ, "ಬ್ಯಾಂಕಿಗೆ ಇವತ್ತು ರಜಾನೇನಮ್ಮ?" ಎಂದು ಕೇಳುವುದಕ್ಕೂ ಸರಿಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತೀರ್ಥ ಕುಡಿದು, ತಲೆಗೆ ಒರೆಸಿಕೊಂಡು, "ಥೀಸಿಸ್ಸೇ ಬ್ಯಾಂಕಿನ ಮೇಲೆ ಅತ್ತೆ," ಎಂದೆ. ದೇವರ ಎದುರಿಗೇ ಅಷ್ಟು ಚೊಕ್ಕವಾಗಿ ಸುಳ್ಳು ಹೇಳಿದ್ದಕ್ಕೆ ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಬಸ್ಸಿಳಿದ ಮೇಲೆ ಮಾತ್ರ, "ಅಪ್ಪನ ಮಗಳೇ ಬುಡು," ಎಂದಳು.

ಆ ದಿನದಿಂದ ಮನೆಯಲ್ಲಿ ಹೊಸ ಪದ್ಧತಿ ಬಂತು. ನೆಂಟರು ಬರುವುದು ತೋಟದ ಕಾಲುದಾರಿಯಲ್ಲಿ ಕಂಡರೆ ಸಾಕು, ನಾನು ಏಣಿ ಹತ್ತಿ ಅಟ್ಟ ಸೇರಬೇಕು. ಅವರು ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, "ಶೈಲಾ ಮೈಸೂರಲ್ಲೇ ಅವ್ಳಾ?" ಎಂದು ಕೇಳಿ, ಅಪ್ಪ "ಹೂಂ" ಎಂದು, ಅವರು ಚಪ್ಪಲಿ ಮೆಟ್ಟಿ ಹೊರಡುವತನಕ ನಾನು ಮೈಸೂರಿನಲ್ಲಿರಬೇಕು. ಕೆಮ್ಮು ಬಂದರೆ ಲಂಗ ಬಾಯಿಗೆ ತುರುಕಿಕೊಳ್ಳಬೇಕು. ಅಮ್ಮ ಒಮ್ಮೊಮ್ಮೆ ಸದ್ದಿಲ್ಲದೆ ಏಣಿಯ ಮೇಲಿನ ಮೆಟ್ಟಿಲಿಗೆ ಒಂದು ಲೋಟ ಕಾಫಿ ಇಟ್ಟು ಹೋಗುತ್ತಿದ್ದಳು.

ನಗುತ್ತಲೇ ಹೇಳುತ್ತಿದ್ದೇನೆ, ಆದರೆ ಆಗ ನಗು ಬರುತ್ತಿರಲಿಲ್ಲ. ಕೆಲಸ ಸಿಗದಿದ್ದುದಕ್ಕೆ ನನಗೆ ಅಷ್ಟು ದುಃಖವಿರಲಿಲ್ಲ, ಇವತ್ತಲ್ಲ ನಾಳೆ ಎಲ್ಲೋ ಸಿಕ್ಕೀತು. ನಮ್ಮಪ್ಪನಿಗೆ ನನ್ನನ್ನು ಇದ್ದ ಹಾಗೆ ನಾಲ್ಕು ಜನರ ಮುಂದೆ ಹೇಳಲು ಆಗುತ್ತಿಲ್ಲವಲ್ಲ, ಅದು ನೋಯುತ್ತಿತ್ತು. ಅವನು ಒಂದು ಸಲ, ಒಬ್ಬರ ಎದುರಿಗಾದರೂ, ಮಗಳು ಮನೆಯಲ್ಲಿದ್ದಾಳೆ ಎಂದು ಹೇಳಲಿ ಎಂದು ನಾನು ಅಟ್ಟದ ಮೇಲೆ ಕೂತು ಕಿವಿಗೊಟ್ಟು ಕೇಳುತ್ತಿದ್ದೆ. ಹೇಳುತ್ತಿರಲಿಲ್ಲ.

ಅಟ್ಟದ ಬಗ್ಗೆ ಮಾತ್ರ ದೂರಿಲ್ಲ. ಹೆಂಚಿನ ಬಿರುಕುಗಳಿಂದ ಬಿಸಿಲು ಗೆರೆಗೆರೆಯಾಗಿ ಇಳಿಯುತ್ತಿತ್ತು, ಕೆಳಗಿನಿಂದ ಹೊಗೆ ಏರುತ್ತಿತ್ತು, ಎರಡೂ ನನ್ನ ಮುಖದ ಮಟ್ಟದಲ್ಲಿ ಕೂಡುತ್ತಿದ್ದವು. ಸುತ್ತ ಸಾವಿರಾರು ಕಾಯಿಗಳು. ಬಿಸಿಲು ಏರಿದಾಗ ಅವು ಚಿಟ್ ಎಂದು ಸಣ್ಣಗೆ ಸದ್ದು ಮಾಡುತ್ತವೆ. ಕೆಳಗೆ ನೆಂಟರ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿರುತ್ತದೆ. ಕಣ್ಣು ಎಳೆಯುತ್ತಿರುತ್ತದೆ. ಆ ಅರೆನಿದ್ದೆಯಲ್ಲಿ ಒಂದು ವಾಕ್ಯ ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅದರ ಹಿಂದೆ ಇನ್ನೊಂದು. ನಾನು ಅವನ್ನು ಓಡಿಸುತ್ತಿರಲಿಲ್ಲ, ಹೇಗೂ ಮೈಸೂರಿನಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ.

ವಾರಕ್ಕೊಮ್ಮೆ ತಿಪಟೂರಿಗೆ ಹೋಗಲು ನನಗೆ ಅನುಮತಿಯಿತ್ತು. ಅಂಕಪಟ್ಟಿಗಳೆಲ್ಲ ಇದ್ದ ನೀಲಿ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು, ನೇಮಕಾತಿಯ ಸುದ್ದಿ ಏನಾದರೂ ಇಂಟರ್ನೆಟ್ಟಿನಲ್ಲಿ ಬಂದಿದೆಯೋ ನೋಡಲು ಸೈಬರ್ ಕೆಫೆಗೆ ಹೋಗುತ್ತಿದ್ದೆ. ಅದನ್ನು ನಡೆಸುತ್ತಿದ್ದವರು ಬಸವರಾಜಣ್ಣ. ಮೊದಲು ಅದೇ ಅಂಗಡಿಯಲ್ಲಿ ಎಸ್‌ಟಿಡಿ ಬೂತು ಇಟ್ಟಿದ್ದವರು. ಅದರ ಗಾಜಿನ ಬಾಗಿಲನ್ನು ಹಾಗೇ ಉಳಿಸಿಕೊಂಡು ಒಳಗೆ ಐದು ಕಂಪ್ಯೂಟರು ಜೋಡಿಸಿದ್ದರು. ಪ್ರತಿ ಮಾನಿಟರಿನ ಹಣೆಗೂ ಕುಂಕುಮ, ಮೂಲೆಯ ಸರ್ವರಿಗೆ ಹೂವು. ಅದೇಕೆ ಅದಕ್ಕೆ ಮಾತ್ರ ಹೂವು ಎಂದು ಕೇಳಿದರೆ, "ಅದೇ ಕಣಮ್ಮ ಮಿಕ್ಕಿದ್ದಕ್ಕೆಲ್ಲಾ ಅನ್ನ ಹಾಕೋದು," ಎಂದಿದ್ದರು. ಕನ್ನಡ ಟೈಪಿಸುವ ಅಕ್ಷರಗಳ ನಕಾಶೆಯನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ್ದರು. ಅದನ್ನು ನೋಡಿ ಒಂದು ದಿನ ಸುಮ್ಮನೆ ಕೂತು, ಅಟ್ಟದಲ್ಲಿ ಪಕ್ಕಕ್ಕೆ ಬಂದು ಕೂತಿದ್ದ ಒಂದು ವಾಕ್ಯವನ್ನು ಒತ್ತಿದೆ. ಪರದೆಯ ಮೇಲೆ ನನ್ನ ಮಾತು ಅಚ್ಚಾದ ಹಾಗೆ ನಿಂತಿತು. ಯಾರಾದರೂ ನೋಡಿಬಿಟ್ಟರೋ ಎಂದು ಪಕ್ಕಕ್ಕೆ ಕಟ್ಟಿದ್ದ ಬಟ್ಟೆಯ ಪರದೆ ಸರಿಸಿ ಹೊರಗೆ ಇಣುಕಿದೆ.

ಆಗ ಬ್ಲಾಗ್ ಎಂಬುದು ಹೊಸದು. ಯಾರು ಬೇಕಾದರೂ ಬರೆಯಬಹುದು, ಸಂಪಾದಕರು ವಿಷಾದದಿಂದ ಹಿಂದಿರುಗಿಸುವುದಿಲ್ಲ. ನನ್ನದಕ್ಕೆ "ಅಟ್ಟದ ಮೇಲಿಂದ" ಎಂದು ಹೆಸರಿಟ್ಟೆ. ನನಗೆ ನಾನು ಇಟ್ಟುಕೊಂಡ ಹೆಸರು "ಗರಿ". ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗ ಬ್ಲಾಗು ಬರೆಯುತ್ತಿದ್ದವರೆಲ್ಲ ಮಳೆಯೋ ಮೋಡವೋ ಹಕ್ಕಿಯೋ ಆಗಿದ್ದೆವು, ಮನುಷ್ಯರು ಕಡಿಮೆ. ಪುಟದ ಕೆಳಗೆ ಎಷ್ಟು ಜನ ನೋಡಿದರೆಂದು ಎಣಿಸುವ ಒಂದು ಯಂತ್ರವನ್ನೂ ಅಂಟಿಸಿದೆ. ಮೊದಲ ತಿಂಗಳು ಅದು ಏರುತ್ತಾ ಹೋದದ್ದನ್ನು ನೋಡಿ ಕುಣಿದಾಡಿದೆ. ಆಮೇಲೆ ತಿಳಿಯಿತು, ಪ್ರತಿ ಸಲ ಏರಿದೆಯೇ ಎಂದು ನೋಡಲು ತೆರೆಯುತ್ತಿದ್ದ ನನ್ನನ್ನೇ ಅದು ಎಣಿಸುತ್ತಿತ್ತು.

ನಿಜವಾದ ಓದುಗರೂ ಬಂದರು. ಮಸ್ಕತ್ತಿನಿಂದ ವತ್ಸಲಾ ಎಂಬ ಹೆಂಗಸು ಬರೆಯುತ್ತಿದ್ದರು. ಅವರ ಅಡುಗೆಮನೆಗೆ ಹೊಗೆ ವಾಸನೆಯೇ ಇಲ್ಲವೆಂದೂ ನಾನು ಬರೆದದ್ದನ್ನು ಓದಿದಾಗ ಮೂಗಿಗೆ ಹತ್ತಿದಂತಾಯಿತೆಂದೂ ಹೇಳಿ ನನ್ನನ್ನು ಒಂದು ವಾರ ನೆಲದ ಮೇಲೆ ನಡೆಯದ ಹಾಗೆ ಮಾಡಿದ್ದರು. ಇನ್ನೊಬ್ಬ "ಕುರಿಮಂದೆ" ಎಂಬ ಹೆಸರಿನವನು. ಹುಳಿಯಾರು ಕಡೆಯ ಕುರಿ ಸಾಕುವ ಮನೆತನದವನಂತೆ, ಬೀದರಿನ ಹತ್ತಿರ ಎಲ್ಲೋ ಮೇಷ್ಟ್ರಾಗಿದ್ದ. ಅವನು ಹೊಗಳುವ ಪೈಕಿಯಲ್ಲ. "ನಾನೂ ಈ ಮೂಕಕಾಯಿಯ ಹಾಗೆ, ಅತ್ತ ನೀರೂ ಇಲ್ಲ ಇತ್ತ ಕೊಬ್ಬರಿಯೂ ಇಲ್ಲ" ಎಂದು ನಾನು ಕಣ್ಣೀರು ತುಂಬಿಕೊಂಡು ಬರೆದ ಪುಟದ ಕೆಳಗೆ ಅವನು ಒಂದೇ ಸಾಲು ಹಾಕಿದ: "ಮೇಡಂ, ಕಾಯಿಗೆ ಬೇಜಾರಾಗಲ್ಲ." ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ನಗುವೂ ಬಂತು. ಅಲ್ಲಿಂದಾಚೆ ಹೋಲಿಕೆ ಕಡಿಮೆ ಮಾಡಿ ಕಂಡದ್ದನ್ನು ಬರೆಯಲು ಕಲಿತೆ. ನನಗೆ ಬರವಣಿಗೆ ಕಲಿಸಿದ ಗುರು ಯಾರೆಂದು ಕೇಳಿದರೆ ನಾನು ಕುರಿಮಂದೆಯನ್ನೇ ತೋರಿಸಬೇಕು.

ತಿಪಟೂರಿನ ಕರೆಂಟಿನ ಪಾತ್ರವೂ ಇದೆ. ಬಸವರಾಜಣ್ಣನ ಬ್ಯಾಟರಿ ಹತ್ತು ನಿಮಿಷದ್ದು. ಕರೆಂಟು ಹೋದ ಕೂಡಲೇ ಅವರು ಬಾಗಿಲಲ್ಲಿ ನಿಂತು, "ಬೇಗ ಬೇಗ ಮುಗಿಸ್ಕಳ್ರಮ್ಮ," ಎಂದು ಬಸ್ಸಿನ ಕಂಡಕ್ಟರಂತೆ ಕೂಗುತ್ತಿದ್ದರು. ಎಷ್ಟೋ ಪುಟಗಳು ಹಾಗೆ ಗಾಳಿಗೆ ಹೋದವು. ಅದಕ್ಕೇ ಬರೆದದ್ದು ಮುಗಿದ ತಕ್ಷಣ ಅಲ್ಲೇ ಪ್ರಿಂಟ್ ಹಾಕಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಹಾಳೆಗಳು ಅಂಕಪಟ್ಟಿಗಳ ಜೊತೆ ನೀಲಿ ಫೈಲು ಸೇರಿದವು. ಮನೆಗೆ ಬಂದರೆ ಅಪ್ಪ, "ಏನಾದ್ರೂ ಬಂತಾ?" ಎನ್ನುತ್ತಿದ್ದ. "ಇಲ್ಲಪ್ಪ," ಎನ್ನುತ್ತಿದ್ದೆ. ಅವನು ಬೇರೆಯವರಿಗೆ ನನ್ನ ಬಗ್ಗೆ ಸುಳ್ಳು ಹೇಳುತ್ತಿದ್ದ, ನಾನು ಅವನಿಗೆ ಫೈಲಿನ ಬಗ್ಗೆ ಹೇಳುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಒಬ್ಬಳೇ ನೆಟ್ಟಗಿದ್ದವಳು.

ಒಂದು ದಿನ ಯಾರೋ ನೆಂಟರು ಬಂದು ಬಹಳ ಹೊತ್ತು ಕೂತರು. ನನ್ನ ಮೈಸೂರುವಾಸ ಮಧ್ಯಾಹ್ನದ ಊಟ ದಾಟಿತು. ಹಸಿವು, ಬೆವರು, ಮೇಲಾಗಿ ಅಪ್ಪ ಕೆಳಗೆ ನನ್ನ ಹಾಸ್ಟೆಲಿನ ಊಟದ ಬಗ್ಗೆ ವಿವರವಾಗಿ ಹೇಳುತ್ತಿದ್ದಾನೆ! ಮಾರನೆಯ ವಾರ ತಿಪಟೂರಿಗೆ ಹೋಗಿ ಒಂದೇ ಉಸಿರಿನಲ್ಲಿ "ನಾನು ಮೈಸೂರಿನಲ್ಲಿರುವ ಬಗೆ" ಎಂದು ಬರೆದೆ. ಏಣಿ, ಕಾಫಿ, ಲಂಗ, ಕೆಮ್ಮು, ಸಂಪಿಗೆಯ ತೀರ್ಥ ಎಲ್ಲವೂ ಬಂತು. ತಮಾಷೆಯಾಗಿಯೇ ಬರೆದಿದ್ದೆ. ಕೊನೆಗೆ ಬೆರಳು ತಾವಾಗಿ ಒಂದಿಷ್ಟು ಒತ್ತಿದವು: "ನಮ್ಮಪ್ಪ ವ್ಯಾಪಾರಿಯ ಮುಂದೆ ಕೆಟ್ಟ ಕೊಬ್ಬರಿಯನ್ನು ತಾನೇ ಆರಿಸಿ ತೆಗೆದು ತೋರಿಸುವ ಮನುಷ್ಯ. ಹುಳುಕನ್ನೂ ಅವನು ಮುಚ್ಚಿಡುವುದಿಲ್ಲ. ನನ್ನನ್ನು ಮಾತ್ರ ಮುಚ್ಚಿಡುತ್ತಾನೆ." ಮಸ್ಕತ್ತಿನ ವತ್ಸಲಾ ಅತ್ತರಂತೆ. ಕುರಿಮಂದೆ ಮೊದಲ ಬಾರಿಗೆ "ಚೆನ್ನಾಗಿದೆ" ಎಂದ.

ಆ ಹಾಳೆಯನ್ನು ಟ್ರಂಕಿನಲ್ಲಿಡಲು ಧೈರ್ಯವಾಗಲಿಲ್ಲ. ಯೋಚಿಸಿ ಯೋಚಿಸಿ, ಅಟ್ಟದಲ್ಲಿ ಆಗತಾನೇ ಏರಿಸಿದ್ದ ಹೊಸ ಕೊಯ್ಲಿನ ರಾಶಿಯ ಮೂಲೆಯಲ್ಲಿ, ಅಡಿಗೆ ನೀಲಿ ಫೈಲಿಟ್ಟು ಮೇಲೆ ಕಾಯಿ ಜೋಡಿಸಿದೆ. ಹೊಸ ರಾಶಿಯನ್ನು ಇನ್ನೊಂದು ವರ್ಷ ಯಾರೂ ಮುಟ್ಟುವುದಿಲ್ಲ. ಇದಕ್ಕಿಂತ ಭದ್ರವಾದ ಜಾಗ ತಾಲ್ಲೂಕಿನಲ್ಲೇ ಇಲ್ಲವೆಂದು ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅಟ್ಟದ ಮನೆಯಲ್ಲಿ ಹುಟ್ಟಿ, ಗೋಣಿಚೀಲದ ಪಾಠ ಕಲಿತು, ಎಂ.ಎ. ಮುಗಿಸಿದವಳಿಗೆ ಪ್ಲಾಸ್ಟಿಕ್ ಫೈಲೂ ಸಂದು ಮುಚ್ಚುತ್ತದೆ ಎಂಬುದು ಹೊಳೆಯಲಿಲ್ಲ.

ಎರಡು ತಿಂಗಳಾಗಿರಬಹುದು. ಹಳೆಯ ರಾಶಿ ಇಳಿಸಿ ಕೊಬ್ಬರಿ ಬಿಡಿಸುವ ದಿನ ಬಂತು. ಅಂಗಳದಲ್ಲಿ ಗಂಡಸರು ಸಿಪ್ಪೆ ಸುಲಿಯುತ್ತಿದ್ದರು, ಹೆಂಗಸರು ಸುತ್ತ ಕೂತು ಕರಟ ಒಡೆದು ಕೊಬ್ಬರಿ ತೆಗೆಯುತ್ತಿದ್ದರು. ಅವರಲ್ಲಿ ಮಾತಿನ ಮಲ್ಲಿ ಎಂದರೆ ಸಾವಿತ್ರಕ್ಕ. ಏಳನೆಯ ಕ್ಲಾಸಿನವರೆಗೆ ಓದಿದ್ದವಳು, ಅಂಗಡಿ ಸಾಮಾನು ಸುತ್ತಿ ತಂದ ಹಳೆಯ ಪೇಪರಿನ ತುಂಡನ್ನೂ ಬಿಡದೆ ಗಟ್ಟಿಯಾಗಿ ಓದಿ ಎಲ್ಲರಿಗೂ ಹೇಳುವವಳು. ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆ ಮುದ್ದೆ ತಿರುವುತ್ತಿದ್ದೆ. ಮೇಲಿನಿಂದ ಅಪ್ಪನ ದನಿ ಬಂತು.

"ಏನೋ ಮುಗ್ಗಲು ವಾಸ್ನೆ ಬತ್ತಾ ಐತಲ್ಲ!"

ನನ್ನ ಕೈಯಲ್ಲಿನ ಕೋಲು ನಿಂತಿತು. ಮೇಲೆ ಕಾಯಿ ಸರಿಸುವ ಸದ್ದು. ಆಮೇಲೆ ಗುಡುಗು. "ಯಾವ ನನ್ಮಗ ಇಲ್ಲಿ ಪ್ಲಾಸ್ಟಿಕ್ ಹಾಸ್ದೋನು? ಸಂದು ಮುಚ್ಚವ್ನೆ! ಹತ್ತು ಹನ್ನೆರ್ಡು ಕಾಯಿ ಬೆವ್ತು ಬೂಸ್ಲು ಹಿಡ್ದವೆ, ಎರ್ಡು ಮೊಳ್ಕೆ ಬಂದವೆ!" ಎನ್ನುತ್ತಾ ಫೈಲನ್ನು ಅಂಗಳಕ್ಕೆ ಎಸೆದ. ಅದು ಬಿದ್ದ ರಭಸಕ್ಕೆ ಬಾಯಿಬಿಟ್ಟು, ನನ್ನ ಎಂ.ಎ.ಯೂ ನನ್ನ ಮೈಸೂರೂ ಕರಟಗಳ ನಡುವೆ ಹರಡಿಕೊಂಡವು.

ನಾನು ಓಡಿ ಬರುವಷ್ಟರಲ್ಲಿ ಸಾವಿತ್ರಕ್ಕನ ಕೈಯಲ್ಲಿ ಒಂದು ಹಾಳೆಯಿತ್ತು. ಅದೇ ಹಾಳೆ. ಅವಳು ಶುರುಮಾಡಿಬಿಟ್ಟಿದ್ದಳು. ಏಣಿ ಹತ್ತುವುದು ಬಂದಾಗ ಹೆಂಗಸರು ಕಿಸಕ್ಕೆಂದರು. ತೀರ್ಥದ ಪ್ರಸಂಗಕ್ಕೆ ಗಂಡಸರೂ ಸಿಪ್ಪೆ ಸುಲಿಯುವುದನ್ನು ಬಿಟ್ಟು ನಕ್ಕರು. ಕಿತ್ತುಕೊಳ್ಳೋಣವೆಂದು ಕೈ ಚಾಚಿದೆ, ಅವಳು ಕೈಯನ್ನು ಆಚೆಗೆ ತಿರುಗಿಸಿಕೊಂಡು ಓದಿದಳು. ಕೊನೆಯ ಸಾಲುಗಳಿಗೆ ಬರುವ ಹೊತ್ತಿಗೆ ಅವಳ ದನಿ ತಾನಾಗಿ ಇಳಿಯಿತು. ಆದರೂ ಕೇಳಿಸಿತು. ತಲೆಯೆತ್ತಿ ನೋಡಿದರೆ ಅಪ್ಪ ಏಣಿಯ ಮಧ್ಯದ ಮೆಟ್ಟಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಮೊಳಕೆ ಬಂದ ಕಾಯಿ. ಇಳಿಯಲೂ ಇಲ್ಲ, ಹತ್ತಲೂ ಇಲ್ಲ.

ಸಾವಿತ್ರಕ್ಕನೇ ಮಾತಾಡಿದಳು. "ಬುಡಿ ಯಜಮಾನ್ರೇ, ನಮ್ಗೇನು ಗೊತ್ತಿರ್ಲಿಲ್ವಾ? ನೆಂಟ್ರು ಬಂದಾಗೆಲ್ಲಾ ಅಟ್ಟದ್ಮೇಲೆ ಕಾಯಿ ಕೆಮ್ತಿತ್ತಲ್ಲ!"

ಯಾರೂ ನಗಲಿಲ್ಲ. ಅಪ್ಪ ಇಳಿದು ಬಂದು ಹಾಳೆಗಳನ್ನೆಲ್ಲ ಒಂದೊಂದಾಗಿ ಆರಿಸಿ, ಅಂಕಪಟ್ಟಿಗಳನ್ನು ನನ್ನ ಕೈಗೆ ಕೊಟ್ಟು, ಮಿಕ್ಕಿದ್ದನ್ನು ಅಂಗಿಯೊಳಗೆ ಸೇರಿಸಿಕೊಂಡು ತೋಟದ ಕಡೆ ಹೋದ.

ಮೂರು ದಿನ ನನ್ನೊಂದಿಗೆ ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು, ಹಾಳೆಯನ್ನು ಕಣ್ಣಿಗೆ ದೂರ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದುದನ್ನು ಬಾಳೆಗಿಡಗಳ ಮರೆಯಿಂದ ನೋಡಿದೆ. ಅವನು ನಿಧಾನಕ್ಕೆ ಓದುವವನು, ಅಷ್ಟೂ ಹಾಳೆ ಓದಿರಬೇಕು. ಅಪ್ಪನನ್ನು ಆಳುಗಳ ಮುಂದೆ ತಲೆತಗ್ಗಿಸುವ ಹಾಗೆ ಮಾಡಿದೆನಲ್ಲ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೆ ಅದರಿಂದ ಸಮಾಧಾನವಾಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಬಿಳಿಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಹೊರಡವ್ವ, ತಿಪ್ಟೂರಿಗೆ ಹೋಗ್ಬೇಕು. ಆ ಕಂಪ್ಯೂಟ್ರು ಅಂಗ್ಡಿಗೆ," ಎಂದ.

ಎಲ್ಲವನ್ನೂ ಅಳಿಸಿಹಾಕಿಸುತ್ತಾನೆಂದೇ ತಿಳಿದೆ. ಅಳಿಸಬೇಕಾದರೆ ಏನು ಒತ್ತಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಜ್ಞಾಪಿಸಿಕೊಳ್ಳುತ್ತಿದ್ದೆ. ಅಪ್ಪ ಕಿಟಕಿಯ ಕಡೆ ನೋಡುತ್ತಾ, ತೋಟಗಳು ಹಿಂದೆ ಹಿಂದೆ ಓಡುತ್ತಿರುವಾಗ, ನನಗೋ ಕಿಟಕಿಗೋ ತಿಳಿಯದ ಹಾಗೆ ಹೇಳಿದ: "ನಾಚ್ಕೆ ನಿನ್ಮೇಲಲ್ಲ ಕಣವ್ವ. ಹೆಣ್ಮಕ್ಳುನ್ನ ಓದ್ಸಿ ಓದ್ಸಿ ಅಂತ ಊರೆಲ್ಲಾ ಹೇಳ್ಕಂಡು ತಿರ್ಗಿದೋನು ನಾನು. ಸಾವಿತ್ರಿ ಮಗ್ಳುನ್ನ ಕಾಲೇಜಿಗೆ ಸೇರ್ಸ್ದೋನೂ ನಾನೇ. ಓದಿ ಏನಾಯ್ತು ಅಂತ ಕೇಳಿದ್ರೆ ಏನ್ ಹೇಳ್ಲಿ ಅಂತ ಭಯ ಆಯ್ತು. ಅಷ್ಟೇಯ."

ತಿಪಟೂರು ಬಂದಾಗ ಅವನ ಹಿಂದೆ ನಾನೂ ಇಳಿದೆ.

ಬಸವರಾಜಣ್ಣ ಅಪ್ಪನಿಗೊಂದು ಸ್ಟೂಲು ಹಾಕಿಕೊಟ್ಟರು. ಪುಟ ತೆರೆದೆ. ಅಪ್ಪ ಕುಂಕುಮವಿಟ್ಟ ಮಾನಿಟರಿಗೆ ಒಮ್ಮೆ ಕೈಮುಗಿದು, "ಆ ಮೈಸೂರಿಂದು ತೆಗಿ," ಎಂದ. ತೆಗೆದೆ. ಓದಿದ. ಕೆಳಗೆ ವತ್ಸಲಾ ಬರೆದದ್ದನ್ನೂ ಕುರಿಮಂದೆ ಬರೆದದ್ದನ್ನೂ ಓದಿದ.

"ಅಳಿಸ್ಲಾಪ್ಪ?" ಎಂದೆ.

"ಇವ್ರೆಲ್ಲಾ ಕೆಳ್ಗೆ ಬರ್ದವ್ರಲ್ಲ, ನಾನೂ ಬರೀಬೋದಾ?"

"ಬರೀಬೋದು."

"ನಾ ಹೇಳ್ತೀನಿ, ನೀನು ಒತ್ತು."

ಅಪ್ಪನಿಗೆ ಬರೆಯುವ ಕನ್ನಡವೆಂದರೆ ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯ ಕನ್ನಡ. ಬೆನ್ನು ನೆಟ್ಟಗೆ ಮಾಡಿ ಕೂತು, ಗಂಟಲು ಸರಿಪಡಿಸಿಕೊಂಡ. "ಮಾನ್ಯರೆ. ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೇಲೆ ಬರೆದಿರುವುದು ನಿಜವಾಗಿರುತ್ತದೆ. ನಾನು ಹಲವರಿಗೆ ಸುಳ್ಳು ಹೇಳಿರುತ್ತೇನೆ. ನನ್ನ ಮಗಳು ಶೈಲಜಾ ಎಂ.ಎ. ಪಾಸು ಮಾಡಿದ್ದು, ಸದರಿಯವಳಿಗೆ ಕೆಲಸ ಸಿಕ್ಕಿರುವುದಿಲ್ಲ. ಸದರಿಯವಳು ಮೈಸೂರಿನಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಿಯೇ ಇರುತ್ತಾಳೆ." ಇಲ್ಲಿ ಸ್ವಲ್ಪ ನಿಂತ. ಅರ್ಜಿಯಲ್ಲಿ ಇಂಥ ಕಡೆ ಏನು ಬರೆಯುತ್ತಾರೆಂದು ಅವನಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ. ಆಮೇಲೆ ಹೇಳಿದ: "ಬರೆಯುತ್ತಾಳೆ. ಚೆನ್ನಾಗಿ ಬರೆಯುತ್ತಾಳೆ."

ನನ್ನ ಬೆರಳು ನಿಂತವು.

"ಯಾಕವ್ವ, ಬೇಗ ಬೇಗ ಹೇಳ್ದ್ನಾ?"

"ಇಲ್ಲಪ್ಪ."

"ಕೆಳ್ಗೆ ನನ್ನೆಸ್ರು ಹಾಕು. ಊರು ಹಾಕು. ತಾಲ್ಲೂಕು ಹಾಕು."

"ಊರು ಹಾಕಿದ್ರೆ ನಾವು ಯಾರು ಅಂತ ಎಲ್ಲಾರ್ಗೂ ಗೊತ್ತಾಗ್ಬುಡುತ್ತಪ್ಪ."

"ಗೊತ್ತಾಗ್ಲಿ ಅಂತ್ಲೇ ಕಣವ್ವ ಬಿಳಿ ಅಂಗಿ ಹಾಕ್ಕಂಡು ಬಂದಿರೋದು."

ಅಕ್ಷರಗಳು ನೀರಿನೊಳಗೆ ಇದ್ದ ಹಾಗೆ ಅಲ್ಲಾಡುತ್ತಿದ್ದವು. ಕಣ್ಣೊರೆಸಿಕೊಂಡು ಅಪ್ಪನ ಹೆಸರು ಹಾಕಿದೆ, ಊರು ಹಾಕಿದೆ, ತಾಲ್ಲೂಕು ಹಾಕಿದೆ. ಅಪ್ಪ ಪರದೆಯ ಹತ್ತಿರ ಬಗ್ಗಿ ಒಂದೊಂದೇ ಅಕ್ಷರವನ್ನು ತುಟಿ ಅಲ್ಲಾಡಿಸುತ್ತಾ ಕೊನೆಯವರೆಗೂ ಓದಿದ.

"ಪಿನ್ ಕೋಡು ಬುಟ್ಬುಟ್ಟೆ ನೋಡು," ಎಂದ. "ಹಾಕು."